ಮೊದಲನೇ ಹಗ್ಗ

ಸಿಂದಗಿಯಿಂದ ಇಂಡಿ ಊರಿನ ಪಶು ಆಸ್ಪತ್ರೆಗೆ ವರ್ಗವಾಗಿ ಬಂದಾಗ ನಾನು ಬಾಡಿಗೆಗೆ ಮನೆ ಕೇಳಿಕೊಂಡು ಮೊದಲು ಹೋದದ್ದು ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಹತ್ತಿರ. ಕಟ್ಟೆಯ ಮೇಲೆ ಕೂತು ನಿಂಬೆಹಣ್ಣು ಆರಿಸುತ್ತಿದ್ದರು. ದನದ ಡಾಕ್ಟರ್ ಎಂದು ಹೇಳಿಕೊಂಡೆ. ಮೊದಲು ನನ್ನ ಬೂಟು ನೋಡಿದರು, ಆಮೇಲೆ ಕೈ, ಕೊನೆಗೆ ಮುಖ.

“ದನದ ಡಾಕ್ಟರ್ ಅಂತೀರಿ. ಬೂಟಿಗೆ ಒಂದೀಟು ಸೆಗಣಿ ಇಲ್ಲಲ್ರಿ?”

ಇವತ್ತೇ ಬಂದಿದ್ದೇನೆ, ಇನ್ನೂ ಕೆಲಸ ಶುರು ಮಾಡಿಲ್ಲ ಎಂದೆ. “ನಾಳಿ ಬರ್ರಿ” ಎಂದು ಕಳಿಸಿದರು. ಮರುದಿನ ನಾನು ಹೋಗುವಷ್ಟರಲ್ಲಿ ಸಿಂದಗಿಗೆ ಫೋನ್ ಹಚ್ಚಿ, ಇಂಥ ಹೆಸರಿನ ಡಾಕ್ಟರು ಅಲ್ಲಿ ಇದ್ದದ್ದು ಖರೇನೇ, ಮನುಷ್ಯ ಕರ್ರಗೋ ಕೆಂಪಗೋ, ಮಾತಾಡುವಾಗ ಕನ್ನಡಕ ಒರೆಸುತ್ತಾನೋ ಹೇಗೆ ಎಂದೆಲ್ಲ ವಿಚಾರಿಸಿದ್ದರು. ಅಲ್ಲಿಯ ಅಟೆಂಡರ್ ಇದನ್ನು ನನಗೆ ಹೇಳಿ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಇಂಥವರ ಮನೆಯ ಮೇಲಂತಸ್ತಿನಲ್ಲಿ ಇದ್ದು ಬಾಳುವುದು ಹೇಗೆ ಎಂದು ಅವರ ಮೇಲೆ ನನಗೂ ಸಂಶಯ ಬಂತು. ಆದರೆ ಮನೆ ಗಾಳಿ ಬೆಳಕಿನದು, ಅವರ ಹೆಂಡತಿ ಕಾಕು ಮೊದಲ ದಿನವೇ ಬಿಸಿ ರೊಟ್ಟಿ ಕೊಟ್ಟರು. ಉಳಿದುಬಿಟ್ಟೆ.

ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಸಂಶಯವೆಂಬುದು ಕಾಕಾನ ಮೈಯೊಳಗೆ ಹುಟ್ಟಿನಿಂದಲೇ ಇತ್ತು ಅಂತ ಕಾಣುತ್ತದೆ. ನಿಂಬೆಯ ಚೀಲ ಕೊಳ್ಳುವಾಗ ಮೇಲಿನ ಹಣ್ಣನ್ನು ಮುಟ್ಟುತ್ತಲೇ ಇರಲಿಲ್ಲ; ಇಡೀ ಚೀಲ ನೆಲಕ್ಕೆ ಸುರಿಸಿ ತಳದಲ್ಲಿದ್ದದ್ದನ್ನು ಕೊಯ್ದು ನೋಡುತ್ತಿದ್ದರು. ಮದುವೆಗೆ ಹೋದರೆ ಪೆಂಡಾಲಿನ ಕಂಬ ಅಲ್ಲಾಡಿಸಿ ನೋಡದೆ ಊಟಕ್ಕೆ ಕೂಡುತ್ತಿರಲಿಲ್ಲ. ಬಸ್ ಹತ್ತುವ ಮುಂಚೆ ಡ್ರೈವರನ ಕಿಟಕಿಯ ಕೆಳಗೆ ನಿಂತು, “ರಾತ್ರಿ ನಿದ್ದಿ ಆಗೇತೇನಪಾ?” ಎಂದು ಕೇಳುವರು. ಅವರ ಎಮ್ಮೆಗೆ ನಾನು ಔಷಧ ಬರೆದುಕೊಟ್ಟರೆ ಆ ಚೀಟಿ ಒಮ್ಮೆ ಆಲಮೇಲಕ್ಕೆ ಹೋಗಿ, ಅಲ್ಲಿಯ ಡಾಕ್ಟರ ಕೈಯಿಂದ ಹೌದೆನಿಸಿಕೊಂಡು ಬರಬೇಕು. ಎಮ್ಮೆ ಗುಣವಾದ ಮೇಲೆ, “ಅದು ತಾನ ಆರಾಮಾಗಿರಬೇಕು” ಎನ್ನುತ್ತಿದ್ದರು.

“ಮದಿವ್ಯಾಗಿ ಇಷ್ಟ ವರ್ಷ ಆತು,” ಎಂದು ಕಾಕು ನನ್ನೆದುರು ನಗುತ್ತಿದ್ದರು. “ಇನ್ನೂ ಚಾಕ್ಕ ಸಕ್ರಿ ಹಾಕೀ ಇಲ್ಲೋ ಅಂತ ಕೇಳಿ ಕುಡೀತಾರ. ಕುಡದ ಮ್ಯಾಲ ಗೊತ್ತಾಗೂದಿಲ್ಲೇನ್ರಿ?”

ಒಬ್ಬಳೇ ಮಗಳು, ದಾನೇಶ್ವರಿ. ವಿಜಯಪುರದಲ್ಲಿ ಡಿಗ್ರಿ ಓದುವಾಗ ಕಾಲೇಜಿನ ಕ್ಯಾಂಪಿಗೆಂದು ದಾಂಡೇಲಿಯ ಕಡೆ ಹೋಗಿದ್ದಳು. ಓದು ಮುಗಿದದ್ದೇ ಅಲ್ಲಿಯೇ ಕಾಳಿ ನದಿಯ ದಂಡೆಯ ಒಂದು ಕ್ಯಾಂಪಿನಲ್ಲಿ ನೌಕರಿ ಸಿಕ್ಕಿತು ಎಂದಳು. ಏನು ಕೆಲಸ ಎಂದರೆ, ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂಡುವ ಕೆಲಸ. ಕಾಕಾ ಒಪ್ಪಲು ತಿಂಗಳುಗಟ್ಟಲೆ ಹಿಡಿಯಿತು. ಒಪ್ಪಿದ ಮೇಲೂ ಫೋನಿನಲ್ಲಿ, “ಕಂಪ್ಯೂಟರ್ ಶಬ್ದ ಕೇಳವಲ್ದು. ಬರೇ ನೀರಿನ ಶಬ್ದ ಬರಾಕತ್ತೈತಲ್ಲ?” ಎಂದು ಕೇಳುತ್ತಿದ್ದರು. “ಆಫೀಸ್ ಹೊಳೀ ಬಾಜೂಕ ಐತಪ್ಪಾ” ಎನ್ನುತ್ತಿದ್ದಳು ಆಕೆ.

ಅಷ್ಟರಲ್ಲಿ ಬಸವನ ಬಾಗೇವಾಡಿಯಿಂದ ಒಂದು ಸಂಬಂಧ ಬಂತು. ಗೊಬ್ಬರ, ಬೀಜದ ದೊಡ್ಡ ಅಂಗಡಿಯವರು. ಹುಡುಗ ಓದಿದವನು. ಫೋಟೋ ಹೋಗಿ ಬಂದವು. ಇನ್ನೇನು ದಿನ ಗೊತ್ತು ಮಾಡಬೇಕು ಎನ್ನುವಾಗ ಮುದ್ದೇಬಿಹಾಳದಿಂದ ಕಾಕುವಿನ ಅಣ್ಣ ಬಂದರು. ಅವರ ಮಗ ಗೆಳೆಯರೊಂದಿಗೆ ದಾಂಡೇಲಿಗೆ ಹೋಗಿ ಬಂದಿದ್ದನಂತೆ. ಅವನು ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದರು. ರಬ್ಬರಿನ ದೊಡ್ಡ ಬೋಟುಗಳು, ಬೆಳ್ಳಗೆ ಕುದಿಯುವ ನೀರು, ಹೆಲ್ಮೆಟ್ ಹಾಕಿದ ಗಂಡಸರು. ದೂರದ ಬೋಟೊಂದರ ಅಂಚಿನಲ್ಲಿ ತೊಯ್ದು ತಪ್ಪಡಿಯಾದ ಒಬ್ಬ ಹುಡುಗಿ ಕ್ಷಣಮಾತ್ರ ಕಂಡಳು. ಹೌದು, ದಾನೇಶ್ವರಿಯೇ. ದಂಡೆಯಿಂದ ಯಾರೋ “ಡ್ಯಾನಿ, ಡ್ಯಾನಿ” ಎಂದು ಕೂಗುತ್ತಿದ್ದರು.

“ಡ್ಯಾನಿ ಅಂತ ಯಾವನೋ ಅದಾನ ಅಲ್ಲೆ,” ಎಂದರು ಅಣ್ಣ, ದನಿ ತಗ್ಗಿಸಿ. “ಎಲ್ಲಾರ ಬಾಯಾಗೂ ಅಂವಂದ ಹೆಸರಂತ. ಹುಡುಗಿ ದಿನಾ ಅಂವನ ಬೋಟಿನ್ಯಾಗ ಇರ್ತಿರಬೇಕು.”

ಕಾಕು ಗೋಡೆಗೆ ಒರಗಿ ಕೂತರು. ಅಣ್ಣ ಹೊರಟು ಹೋದ ಮೇಲೆ ಕಾಕಾ ಮಗಳ ನಂಬರ್ ಬಿಟ್ಟು ಕ್ಯಾಂಪಿನ ಆಫೀಸಿಗೇ ಫೋನ್ ಹಚ್ಚಿದರು. ದಾನೇಶ್ವರಿ ಎಂಬುವರು ಇದ್ದಾರೆಯೇ ಎಂದು ಕೇಳಿದರು. ಆ ಕಡೆಯವನು ಯಾರನ್ನೋ ವಿಚಾರಿಸಿ, “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಸರ್” ಎಂದ.

ಮರುದಿನ ಬೆಳಿಗ್ಗೆ ಕಾಕಾ ಮೆಟ್ಟಿಲು ಹತ್ತಿ ಬಂದರು. ನನ್ನ ಮನೆಗೆ ಅವರು ಹಾಗೆ ಬಂದದ್ದು ಅದೇ ಮೊದಲು. ಮುಖ ಸುಟ್ಟ ಬದನೆಕಾಯಿಯಾಗಿತ್ತು.

“ಡಾಕ್ಟರ್ರ, ನಿಮ್ಮ ಗಾಡಿ ತಗೀರಿ. ದಾಂಡೇಲಿಗೆ ಹೋಗೂದೈತಿ. ಯಾರಿಗೂ ಹೇಳಬ್ಯಾಡ್ರಿ.”

“ನಾನ್ಯಾಕ ಕಾಕಾ?”

“ನಿಮ್ಮನ್ನ ವಿಚಾರಿಸಿ ನೋಡೇನಲ್ಲ,” ಎಂದರು. ಅವರ ಬಾಯಿಂದ ಅದು ದೊಡ್ಡ ಶಿಫಾರಸು. ಆದರೂ ನನಗೆ ಅಂಜಿಕೆಯೇ ಆಯಿತು. ಮಗಳನ್ನು ಜುಟ್ಟು ಹಿಡಿದು ಎಳೆದು ತರುವ ಆಲೋಚನೆ ಇದ್ದರೆ, ಗಾಡಿ ಒಯ್ದವನು ನಾನೇ ಆಗುತ್ತೇನಲ್ಲ ಎಂದು.

ದಾರಿಯುದ್ದಕ್ಕೂ ಅವರಿಗೆ ಆ ಡ್ಯಾನಿಯದೇ ವಿಚಾರ. ಎಷ್ಟು ವಯಸ್ಸಿರಬಹುದು, ಎಲ್ಲಿಯವನಿರಬಹುದು, ಮೈಕೈ ತುಂಬಿದವನೋ ಸಣಕಲನೋ. ಧಾರವಾಡ ದಾಟಿ ಕಾಡು ಶುರುವಾದ ಮೇಲೆ ಕಾಡಿನ ಮೇಲೂ ಸಂಶಯ ಬಂತು. “ಇಷ್ಟ ಗಿಡ ಹಚ್ಚಿ ಏನ ಮುಚ್ಚಿ ಇಟ್ಟಾರ ಇಲ್ಲೆ?” ಎಂದರು.

ಕ್ಯಾಂಪಿನಲ್ಲಿ ನನ್ನ ಹೆಸರಲ್ಲೇ ಇಬ್ಬರಿಗೆ ರಾಫ್ಟಿಂಗ್, ಅಂದರೆ ರಬ್ಬರ್ ಬೋಟಿನಲ್ಲಿ ಹೊಳೆ ಇಳಿಯುವುದಕ್ಕೆ, ಬರೆಸಿದೆವು. ಮೊದಲು ಗಿರಾಕಿಯಂತೆ ಹೋಗಿ, ಕಣ್ಣಾರೆ ನೋಡಿ, ಆಮೇಲೆ ಮುಂದಿನದು ಎಂಬುದು ಕಾಕಾನ ಲೆಕ್ಕ. ಮೇಜಿನ ಹುಡುಗ ಕಾಕಾನ ವಯಸ್ಸು ಕೇಳಿ ಅನುಮಾನಿಸಿದ. ಕಾಕಾ ಎದೆ ಸೆಟೆಸಿ ನಿಂತರು. “ಸರಿ, ನಿಮ್ಮ ಗೈಡ್ ಡ್ಯಾನಿ. ಕೆಳಗೆ ಹೊಳೆ ಹತ್ತಿರ ಹೋಗಿ” ಎಂದ ಹುಡುಗ.

ಕಾಕಾ ನನ್ನ ರಟ್ಟೆ ಹಿಡಿದರು. “ಛಲೋ ಆತು. ತಾನ ಕೈಗೆ ಸಿಕ್ಕಾನ, ಮಗ.”

ಹೆಲ್ಮೆಟ್ ಹುಬ್ಬಿನವರೆಗೆ ಎಳೆದುಕೊಂಡು, ಲೈಫ್ ಜಾಕೆಟ್ಟಿನ ಹೊಲಿಗೆ ಒಂದೊಂದನ್ನೂ ಜಗ್ಗಿ ನೋಡುತ್ತ ಕಾಕಾ ದಂಡೆಗೆ ಇಳಿದರು. ನಮ್ಮ ಬೋಟಿಗೆ ಹುಬ್ಬಳ್ಳಿಯಿಂದ ಬಂದ ನಾಲ್ವರು ಕಾಲೇಜು ಹುಡುಗರೂ ಇದ್ದರು. ಬಂಡೆಯ ಹಿಂದಿನಿಂದ ಹಗ್ಗದ ಚೀಲ ಹೆಗಲಿಗೇರಿಸಿಕೊಂಡು ಗೈಡ್ ಬಂದಳು.

“ನಮಸ್ಕಾರ. ನಾ ಡ್ಯಾನಿ. ಇವತ್ತ ನಿಮ್ಮ ಬೋಟ್ ನಂದು.”

ಬಿಸಿಲಿಗೆ ಕಪ್ಪಾಗಿದ್ದಳು, ತೋಳು ಗಟ್ಟಿಯಾಗಿದ್ದವು, ಜಡೆ ಬಿಗಿದು ಕಟ್ಟಿದ್ದಳು. ಆದರೆ ದಾನೇಶ್ವರಿಯೇ. ಒಬ್ಬೊಬ್ಬರ ಮುಖ ನೋಡುತ್ತ ಬಂದ ಅವಳ ಕಣ್ಣು ಹೆಲ್ಮೆಟ್ಟಿನ ಕೆಳಗಿನ ಆ ಮೀಸೆಯ ಮೇಲೆ ನಿಂತಿತು. ಆಕೆ ಒಮ್ಮೆ ನನ್ನ ಕಡೆ ನೋಡಿದಳು, ತುಟಿ ಕಚ್ಚಿಕೊಂಡಳು, ಮತ್ತೆ ಮಾತು ಮುಂದುವರಿಸಿದಳು. ಯಾರ ಪರಿಚಯವೂ ಇಲ್ಲದವಳಂತೆ.

“ಕಾಕಾರ, ನಿಮಗ ಈಜು ಬರ್ತೈತೇನ್ರಿ?”

ಕೇಳಿದ್ದು ಹೆತ್ತ ಅಪ್ಪನನ್ನು. ಕಾಕಾ ಹೆಲ್ಮೆಟ್ ಇನ್ನಷ್ಟು ಕೆಳಗೆ ಎಳೆದುಕೊಂಡರು. “ಬಾವ್ಯಾಗ ಬರ್ತೈತಿ.”

“ಇದು ಬಾವಿ ಅಲ್ರಿ,” ಎಂದು ಹತ್ತಿರ ಬಂದು ಅವರ ಜಾಕೆಟ್ಟಿನ ಪಟ್ಟಿಯನ್ನು ಹೊಟ್ಟೆ ಒಳಗೆ ಹೋಗುವಷ್ಟು ಬಿಗಿದಳು. ಕಾಕಾ ಅದನ್ನು ಆಗಲೇ ಮೂರು ಸಲ ಬಿಗಿದುಕೊಂಡಿದ್ದರು.

ಆಮೇಲೆ ಎಲ್ಲರನ್ನೂ ಮರಳಿನ ಮೇಲೆ ಕೂಡಿಸಿ ಹೇಳಿದಳು. ನಾನು ಆ ಮಾತು ಈಗಲೂ ಮರೆತಿಲ್ಲ.

“ಮೊದಲ ಇದನ್ನ ತಿಳ್ಕೋರಿ. ನೀರು ಬೆಳ್ಳಗ ಯಾಕ ಆಗ್ತೈತಿ? ಇಳಿಜಾರಿನ್ಯಾಗ ಓಡಿ ಬಂದು ಕಲ್ಲಿಗೆ ಬಡದು ಗಾಳಿ ತುಂಬ್ಕೊಂಡಿರ್ತೈತಿ. ಅಂಥಾದಕ್ಕ ರಾಪಿಡ್ ಅಂತಾರ. ಸಣ್ಣದಕ್ಕ ಒಂದನೇ ನಂಬರ್, ಯಾರೂ ಇಳೀಬಾರದ್ದಕ್ಕ ಆರನೇ ನಂಬರ್. ನಾವು ಹೋಗೂದು ಎರಡು, ಮೂರರಾಗ. ನೊರಿ ಮುಂದ ಬಾಣದ ತುದಿ ಹಂಗ ಆಚೆ ಮಕ ಮಾಡಿದ್ರ ಅದು ದಾರಿ. ತುದಿ ನಮ್ಮ ಕಡೆ ಇದ್ರ ಅಲ್ಲೆ ಕಲ್ಲೈತಿ ಅಂತ ತಿಳ್ಕೋರಿ. ನಾ ಫಾರ್ವರ್ಡ್ ಅಂದ್ರ ಎಲ್ಲಾರೂ ಹುಟ್ಟು ಹಾಕಬೇಕು. ಸ್ಟಾಪ್ ಅಂದ್ರ ನಿಲ್ಲಸಬೇಕು. ಗೆಟ್ ಡೌನ್ ಅಂದ್ರ ಒಳಗ ಕುಂತು ಬೋಟಿನ ಹಗ್ಗ ಹಿಡೀಬೇಕು. ಯಾಕ, ಹ್ಯಾಂಗ ಅಂತ ನನ್ನ ಮಕ ನೋಡಬಾರ್ದು.”

“ಬಿದ್ರ?” ಎಂದರು ಕಾಕಾ.

“ಬಿದ್ರ ಎದ್ದು ನಿಂದ್ರಾಕ ಹೋಗಬ್ಯಾಡ್ರಿ. ಕಲ್ಲಿನ ಸಂದ್ಯಾಗ ಕಾಲು ಸಿಗತೈತಿ. ಅಂಗಾತ ಮಲಕೊಂಡು ಕಾಲು ಮುಂದ, ಬಟ್ಟು ನೀರಿನ ಮ್ಯಾಲ. ನಾ ಹಗ್ಗ ಒಗೀತೇನಿ. ಎದಿಗೆ ಅವಚಿ ಹಿಡೀರಿ.”

“ಹಗ್ಗ ಮುಟ್ಟಲಿಲ್ಲಂದ್ರ?”

“ಮತ್ತ ಒಗೀತೇನಿ.”

ಒಬ್ಬ ಹುಡುಗ ನೀರು ಸುಮ್ಮನಿರುವ ಕಡೆ ಆರಾಮವಾಗಿ ಫೋಟೋ ತೆಗೆಯಬಹುದಲ್ಲವೇ ಎಂದು ಕೇಳಿದ. “ಸುಮ್ಮನ ಕಾಣೂ ನೀರಿನ ಬುಡಕ ಏನೈತಿ ಅಂತ ನನಗೂ ಗೊತ್ತಿಲ್ಲ. ಅಲ್ಲೂ ಕಾಲು ಸಡ್ಲ ಬಿಡಬ್ಯಾಡ್ರಿ,” ಎಂದಳು. ನಾನು ಕಾಕಾನನ್ನು ನೋಡಿದೆ. ಅವರು ಆ ಮಾತಿಗೆ ತಲೆದೂಗುತ್ತಿದ್ದರು.

ಹಿಂದೆ ಗೈಡಿನ ಜಾಗದಲ್ಲಿ ಆಕೆ, ಅವಳ ಮುಂದೆ ಎಡಕ್ಕೆ ಕಾಕಾ, ಬಲಕ್ಕೆ ನಾನು, ಇನ್ನೂ ಮುಂದೆ ಹುಡುಗರು. ಮೊದಲ ರಾಪಿಡ್ಡಿನಲ್ಲಿ ಬೋಟು ಮೂಗು ಎತ್ತಿ ಧಪ್ಪೆಂದು ಕುಕ್ಕರಿಸಿತು. ನೀರು ಮುಖಕ್ಕೆ ಹೊಡೆದ ಹೊಡೆತಕ್ಕೆ ಕನ್ನಡಕದ ದಾರ ಇಲ್ಲದಿದ್ದರೆ ಕನ್ನಡಕ ಹೊಳೆಯ ಪಾಲಾಗುತ್ತಿತ್ತು. “ಫಾರ್ವರ್ಡ್! ಜೋರ್! ಕಾಕಾರ, ಹುಟ್ಟು ನೀರಾಗ ಹಾಕ್ರಿ, ಗಾಳ್ಯಾಗ ಅಲ್ಲ!” ಎಂದು ಆಕೆ ಹಿಂದಿನಿಂದ ಗದರಿದಳು. ಕಾಕಾ, ಇಂಡಿ ಬಜಾರಿನಲ್ಲಿ ಯಾರ ಮಾತೂ ಕೇಳದ ಮನುಷ್ಯ, ಹೇಳಿದ ಹಾಗೆ ಹುಟ್ಟು ಹಾಕಿದರು. ಎರಡನೆಯದರಲ್ಲಿ ಬೋಟು ಬಂಡೆಯ ಕಡೆ ಜಾರಿತು. ಆಕೆ ಅರ್ಧ ಎದ್ದು, ಮೈಯೆಲ್ಲ ಭಾರ ಹಾಕಿ ತಿರುಗಿಸಿದಳು. ಬಂಡೆ ನನ್ನ ಮೊಣಕೈ ಪಕ್ಕದಲ್ಲಿ ಹಾದು ಹೋಯಿತು.

ಮೂರನೆಯದರ ಮುಂಚೆ ಬೋಟು ನಿಲ್ಲಿಸಿ, “ಇದ ಇವತ್ತಿಂದು ದೊಡ್ಡದು. ಆದ್ರ ಇದರ ಕೆಳಗ ನೀರು ಸಮಾ ಐತಿ, ಅಲ್ಲೆ ನಮ್ಮಂವ ಒಬ್ಬ ಕಾಯಕ್‌ನ್ಯಾಗ ಕಾಯ್ಕೊಂಡಿರ್ತಾನ. ಅಂಜಬ್ಯಾಡ್ರಿ,” ಎಂದಳು. ದೂರದಲ್ಲಿ ಒಬ್ಬನೇ ಕೂಡುವ ಸಣ್ಣ ಕೆಂಪು ದೋಣಿ ಕಾಣುತ್ತಿತ್ತು. ಕಾಕಾ ಅದನ್ನು ಬಹಳ ಹೊತ್ತು ನೋಡಿದರು.

ನುಗ್ಗಿದೆವು. “ಗೆಟ್ ಡೌನ್!” ಎಲ್ಲರೂ ಕೆಳಗೆ ಕುಸಿದು ಹಗ್ಗ ಹಿಡಿದೆವು. ಬೋಟು ಇಳಿಜಾರಿನಿಂದ ಹಾರಿ ನೊರೆಯೊಳಗೆ ಮುಳುಗಿ ಎದ್ದಿತು. ಆ ಗದ್ದಲದಲ್ಲಿ, ನನ್ನ ಎದುರಿಗೆ ಹಗ್ಗದ ಮೇಲಿದ್ದ ಕಾಕಾನ ಕೈ ತೆರೆದುಕೊಂಡದ್ದು ಕಂಡಿತು. ಮರುಕ್ಷಣ ಅವರ ಜಾಗ ಖಾಲಿ.

“ಕಾಲು ಮುಂದ! ಅಂಗಾತ!” ಎಂದು ಆಕೆ ಚೀರಿದಳು. ಹಳದಿ ಹೆಲ್ಮೆಟ್ ಮುಳುಗಿತು, ದೂರದಲ್ಲಿ ಎದ್ದಿತು. ಆಕೆ ಹೇಳಿದಂತೆಯೇ ಕಾಕಾ ಅಂಗಾತ ತೇಲುತ್ತಿದ್ದರು. ಆಕೆ ಚೀಲದಿಂದ ಹಗ್ಗ ಬೀಸಿ ಎಸೆದಳು. ಅದು ಅವರ ಕೈಗಿಂತ ಒಂದು ಮಾರು ಈಚೆ ಬಿತ್ತು. ಕಾಕಾ ಚಾಚಿದರು, ಸಿಗಲಿಲ್ಲ, ಒಂದು ತೆರೆ ಬಾಯಿಗೆ ನುಗ್ಗಿತು. ನನಗೆ ಕಾಕುವಿನ ಮುಖ ಕಣ್ಣೆದುರು ಬಂತು. ಆಕೆ ಅವಸರವಿಲ್ಲದೆ ಹಗ್ಗ ಎಳೆದುಕೊಂಡು ಮತ್ತೆ ಬೀಸಿದಳು. ಈ ಸಲ ಅದು ನೇರ ಎದೆಯ ಮೇಲೆ ಬಿತ್ತು. ಹತ್ತಿರ ಎಳೆದು, ಜಾಕೆಟ್ಟಿನ ಹೆಗಲ ಪಟ್ಟಿ ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ಬಿದ್ದು ಅವರನ್ನು ಒಳಗೆ ತಂದಳು.

ಕಾಕಾ ಕೆಮ್ಮಿ ಕೆಮ್ಮಿ ನೀರು ಕಾರಿದರು.

“ಕಾಕಾರ, ಹುಟ್ಟು ಎಲ್ಲಿ?”

“ಹೋತ್ರಿ,” ಎಂದರು ಕಾಕಾ. “ನೀವು ಹಗ್ಗ ಹಿಡೀರಿ ಅಂದ್ರಲ್ಲ.”

ಮಗಳಿಗೆ ನೀವು, ರೀ ಎಂದರು.

ದಂಡೆ ಸೇರಿ, ಹುಡುಗರೆಲ್ಲ ಹೋದ ಮೇಲೆ ಇಬ್ಬರೂ ಒಂದು ಬಂಡೆಯ ಮೇಲೆ ಕೂತರು. ನಾನು ಸ್ವಲ್ಪ ದೂರ ನಿಂತೆ. ಕಾಕಾ ಬಟ್ಟೆ ಹಿಂಡಿಕೊಳ್ಳುತ್ತ ಕೇಳಿದರು.

“ಡ್ಯಾನಿ ಅಂದ್ರ ನೀನ ಏನು?”

“ಹೌದಪ್ಪಾ. ದಾನೇಶ್ವರಿ ಅಂತ ಪೂರಾ ಕರಿಯೂದ್ರಾಗ ಬೋಟ್ ಮಗಚಿರ್ತೈತಿ.”

“ಕಂಪ್ಯೂಟರ್ ಅಂದಿದ್ದಿ.”

“ಖರೇ ಹೇಳಿದ್ರ ಕಳಸ್ತಿದ್ರೇನು?”

“ಇಲ್ಲ.”

“ಮತ್ತ?”

ಕಾಕಾ ಮತ್ತೆ ಬಟ್ಟೆ ಹಿಂಡತೊಡಗಿದರು. ಆಕೆ ಮೊಣಕಾಲಿಗೆ ಗದ್ದ ಹಚ್ಚಿ ಕಾಯ್ದಳು. ಒಂದೊಂದೇ ಮಾತು ಅಳೆದು ಕೇಳಿದಳು: “ನನ್ನ ಕರಕೊಂಡ ಹೋಗಾಕ ಬಂದೀರೇನು?”

“ಮೊದಲನೇ ಹಗ್ಗ ತಪ್ತು,” ಎಂದರು ಕಾಕಾ.

“ಗಾಳಿ ಇತ್ತು.”

“ಗಿಡದ ಎಲಿ ಅಲಗ್ಯಾಡಿಲ್ಲ, ಗಾಳಿ ಎಲ್ಲಿಂದ ಬಂತು?” ಎಂದು ಎದ್ದು ಹೋದರು. ಹೋದವರು ಕ್ಯಾಂಪಿನ ಮಾಲೀಕರನ್ನು ಕರೆದು, ಒಣಹಾಕಿದ ಜಾಕೆಟ್ಟುಗಳಲ್ಲಿ ಎರಡರ ಹೊಲಿಗೆ ಬಿಟ್ಟಿದೆ, ತೆಗೆದು ಬಿಸಾಕಿ ಎಂದರು. ಗಾಡಿ ಹತ್ತುವಾಗ ಮಗಳ ತಲೆಯ ಮೇಲೆ ಕೈ ಇಟ್ಟರು. “ಮ್ಯಾಲ ಡ್ಯಾಮ್‌ನವ್ರು ನೀರು ಬಿಡೂ ಮುಂದ ನಿಮಗ ಹೇಳ್ತಾರೇನು?” ಎಂದು ಕೇಳಿದರು. ಹೇಳುತ್ತಾರೆ ಎಂದಳು. “ಅವ್ರ ಹೇಳಿದ್ದನ್ನಷ್ಟ ನಂಬಬ್ಯಾಡ” ಎಂದು ಬಾಗಿಲು ಹಾಕಿಕೊಂಡರು.

ಬರುವಾಗ ನಾನು ತಡೆಯಲಾರದೆ ಕೇಳಿಬಿಟ್ಟೆ. “ಕಾಕಾ, ನೀವು ಬಿದ್ರೋ, ಕೈ ಬಿಟ್ರೋ?”

“ಡಾಕ್ಟರ್ರ, ದಾರಿ ನೋಡಿ ಗಾಡಿ ಹೊಡೀರಿ,” ಎಂದರು.

ಹುಬ್ಬಳ್ಳಿ ದಾಟಿದ ಮೇಲೆ, ನೇರ ಇಂಡಿಗೆ ಬೇಡ, ಬಸವನ ಬಾಗೇವಾಡಿಗೆ ನಡೀರಿ ಎಂದರು. ಹುಡುಗನ ಮನೆಯಲ್ಲಿ ಚಹಾ, ಚೂಡಾ ಬಂತು. ಹುಡುಗನ ತಂದೆ ದಿನ ಗೊತ್ತು ಮಾಡುವ ಮಾತು ತೆಗೆದರು. ಕಾಕಾ ಕಪ್ಪು ಕೆಳಗಿಟ್ಟರು.

“ಅದಕ್ಕ ಮೊದಲ ಒಂದು ಮಾತ್ರಿ. ನನ್ನ ಮಗಳು ಆಫೀಸಿನ್ಯಾಗ ಇಲ್ಲ. ಹೊಳ್ಯಾಗ ಬೋಟ್ ನಡಸ್ತಾಳ.”

ಹುಡುಗನ ತಂದೆಯ ಮುಖ ಬಿಗಿಯಾಯಿತು. ಜತೆಗೆ ಯಾರಿರುತ್ತಾರೆ, ಎಂಥ ಬಟ್ಟೆ ಹಾಕುತ್ತಾಳೆ, ಗಂಡಸರ ನಡುವೆ ಒಬ್ಬಳೇ ಏನು ಎಂದು ಒಂದರ ಹಿಂದೊಂದು ಕೇಳಿದರು. ದಾಂಡೇಲಿಗೆ ಹೋಗುವಾಗ ಗಾಡಿಯಲ್ಲಿ ಕಾಕಾ ನನ್ನನ್ನು ಕೇಳಿದ್ದೂ ಇಂಥವೇ ಪ್ರಶ್ನೆ. ಕಾಕಾ ಎಲ್ಲಕ್ಕೂ ಸಮಾಧಾನದಿಂದ ಉತ್ತರ ಕೊಟ್ಟು ಎದ್ದು ನಿಂತರು.

“ನಿಮಗ ಸಂಶೇ ಬಂದೈತಿ. ಬರೂದ ಬರೋಬ್ಬರಿ. ನನಗೂ ಬಂದಿತ್ತು, ಅದಕ್ಕ ಹೋಗಿ ಆಕಿ ಬೋಟಿನ್ಯಾಗ ಕುಂತು ಬಂದೆ. ನಿಮ್ಮ ಹುಡುಗನೂ ಒಮ್ಮೆ ಕುಂತು ಬರ್ಲಿ. ಆಮ್ಯಾಲ ದಿನಾ ತಗಿಯೂಣು.”

ಹುಡುಗನ ತಂದೆ ಆಗಲೇ ಮಾತು ಮುರಿದರು. ಆದರೆ ಕೆಲವು ದಿನಗಳ ಮೇಲೆ ಹುಡುಗ ಮನೆಯಲ್ಲಿ ಹೇಳದೆ ದಾಂಡೇಲಿಗೆ ಹೋಗಿ ಆಕೆಯ ಬೋಟಿನಲ್ಲಿ ಕೂತು ಬಂದನಂತೆ. ಆ ಸಂಜೆ ಮಗಳ ಫೋನ್ ಬಂದಾಗ ನಾನು ಕಟ್ಟೆಯ ಮೇಲೇ ಇದ್ದೆ.

“ಹುಡುಗ ಹ್ಯಾಂಗದಾನ?” ಎಂದರು ಕಾಕಾ.

“ಮನಷ್ಯಾ ಛಲೋ ಅದಾನಪ್ಪಾ. ಆದ್ರ ಫಾರ್ವರ್ಡ್ ಅಂದ್ರ ಹಿಂದ ತಿರುಗಿ ನನ್ನ ಮಕ ನೋಡ್ತಾನ.”

“ಹಂಗಾರ ಬ್ಯಾಡ,” ಎಂದು ಕಾಕಾ ಫೋನ್ ಇಟ್ಟರು.

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಫೋನ್, ನೀರು ಎಷ್ಟಿದೆ ಎಂದು. ಮಗಳು ಹೇಳಿದ ಮೇಲೆ ಕ್ಯಾಂಪಿನ ಆಫೀಸಿಗೆ ಇನ್ನೊಂದು ಫೋನ್, ಆಕೆ ಹೇಳಿದ್ದು ಖರೆಯೇ ಎಂದು. ಮನೆಗೆ ಬಂದವರ ಎದುರು ಮಗಳ ಬೋಟಿನ ಕಥೆ ತಪ್ಪದೆ ಹೇಳುವರು. ಕೊನೆಗೆ ಮಾತ್ರ, “ಎಲ್ಲಾ ಛಲೋ ಮಾಡ್ತಾಳ, ಆದ್ರ ಮೊದಲನೇ ಹಗ್ಗ ತಪ್ತು ನೋಡ್ರಿ” ಎನ್ನುವರು. ಹೊಗಳಿ ಮುಗಿಸುವುದು ಅವರಿಂದ ಆಗದ ಕೆಲಸ.

ಹೋದ ವರ್ಷ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಎದೆನೋವು ಎಂದರು, ವಿಜಯಪುರದ ಆಸ್ಪತ್ರೆ ಮುಟ್ಟಲಿಲ್ಲ. ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ದಾನೇಶ್ವರಿ ನನ್ನ ಮನೆಯ ಮೆಟ್ಟಿಲ ಮೇಲೆ ಬಂದು ಕೂತಳು.

“ಡಾಕ್ಟರ್ ಮಾಮಾ, ನೀವು ಎದುರಿಗೆ ಇದ್ರಿ. ಅವತ್ತ ಅಪ್ಪಾ ಬಿದ್ರೇನ್ರಿ?”

“ಕೈ ಬಿಟ್ಟಂಗ ಕಂಡಿತ್ತವಾ.”

ಆಕೆ ತಲೆಯಾಡಿಸಿದಳು. “ನಾನೂ ನೋಡಿದ್ದೆ. ಬಿಡೂಕಿಂತ ಮೊದಲ ತಿರುಗಿ ನನ್ನ ಮಕ ನೋಡಿದ್ರು. ನಾ ಜಗ್ಗತೇನೋ ಇಲ್ಲೋ ನೋಡಬೇಕಾಗಿತ್ತು ಅವ್ರಿಗೆ.” ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಷ್ಟರಲ್ಲೇ ಅವಳ ತುಟಿಯ ಮೇಲೆ ನಗು ಬಂತು. “ನನಗ ಸಿಟ್ಟು ಬಂತ್ರಿ. ಕೆಳಗ ನೀರು ಸಮಾ ಇತ್ತು, ಕಾಯಕ್‌ನಂವ ನಿಂತಿದ್ದ, ಏನೂ ಆಗೂ ಹಂಗಿರಲಿಲ್ಲ. ಮೊದಲನೇ ಹಗ್ಗ ತಪ್ಪಿಲ್ರಿ ಮಾಮಾ. ನಾನ ಗಿಡ್ಡ ಒಗದೆ. ಒಂದ ಗುಟುಕು ಕುಡೀಲಿ ಅಂತ.”

ಕೆಳಗಿನ ಮನೆಯಲ್ಲಿ ಕಾಕು ಪಾತ್ರೆ ತೊಳೆಯುವ ಶಬ್ದ ನಿಂತಿತು. ಆಕೆ ದನಿ ತಗ್ಗಿಸಿದಳು.

“ಅಪ್ಪಗ ಗೊತ್ತಿತ್ತೇನ್ರಿ?”

ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಆ ಹಗ್ಗದ ಮಾತು ಹೇಳುವಾಗ ಕಾಕಾನ ಮೀಸೆ ಕುಣಿಯುತ್ತಿದ್ದದ್ದು ನನಗೆ ನೆನಪಾಯಿತು.

“ಸಂಶೇ ಇದ್ದೇ ಇತ್ತವಾ,” ಎಂದೆ.